ಅಂಗಡಿ ಮುಳುಗಿದರೆ ಮನೆ ಉಳಿಯುತ್ತಾ? ವ್ಯವಹಾರದ ರೂಪ ಮತ್ತು ಮಾಲೀಕರ ಹೊಣೆ

ಹೊಸ ವ್ಯವಹಾರಕ್ಕೆ ಕೈ ಹಾಕುವವರು ಆಡಿಟರ್ ಮುಂದೆ ಕೂತಾಗ ಮೊದಲು ಕೇಳುವುದು ಖರ್ಚಿನ ಬಗ್ಗೆ. ಪ್ರೊಪ್ರೈಟರ್‌ಶಿಪ್ ಮಾಡಿದರೆ ಎಷ್ಟಾಗುತ್ತೆ, ಪ್ರೈವೇಟ್ ಲಿಮಿಟೆಡ್ ಮಾಡಿದರೆ ಎಷ್ಟು, ಟ್ಯಾಕ್ಸ್ ಯಾವುದರಲ್ಲಿ ಕಮ್ಮಿ? ಕೇಳಬೇಕಾದದ್ದೇ. ಆದರೆ ಅದಕ್ಕೂ ಮುಂಚೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಯಾರ ಬಾಯಿಂದಲೂ ಬರುವುದಿಲ್ಲ. ಅಂಗಡಿ ಪೂಜೆಗೆ ಮುಂಚೆ ಅಪಶಕುನದ ಮಾತು ಯಾರಿಗೆ ಬೇಕು ಹೇಳಿ. ವ್ಯವಹಾರ ಕೈಕೊಟ್ಟರೆ, ಬಾಕಿ ವಸೂಲಿಗೆ ಬರುವವರು ಎಲ್ಲಿವರೆಗೆ ಬರಬಹುದು? ಅಂಗಡಿ ಬಾಗಿಲಿನವರೆಗೋ, ಮನೆ ಬಾಗಿಲಿನವರೆಗೋ?

ಪ್ರೊಪ್ರೈಟರ್‌ಶಿಪ್, ಪಾಲುದಾರಿಕೆ, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ), ಕಂಪನಿ ಎಂಬ ಹೆಸರುಗಳ ನಡುವೆ ದೊಡ್ಡ ವ್ಯತ್ಯಾಸ ಇರುವುದು ಇಲ್ಲೇ. ಉಳಿದವೆಲ್ಲ ಆಮೇಲಿನ ಲೆಕ್ಕ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ದಾವಣಗೆರೆಯಲ್ಲಿ ಇಬ್ಬರು ಗೆಳತಿಯರು ಸೇರಿ ಮದುವೆ ಅಡುಗೆಯ ಕೇಟರಿಂಗ್ ಶುರು ಮಾಡಿದರು ಅಂದುಕೊಳ್ಳಿ. ಸ್ವಲ್ಪ ಕಾಲ ಚೆನ್ನಾಗಿ ನಡೆದು ಆಮೇಲೆ ನಿಂತುಹೋಯಿತು. ಬ್ಯಾಂಕ್ ಸಾಲ 15 ಲಕ್ಷ ಬಾಕಿ. ದಿನಸಿ, ತರಕಾರಿ, ಶಾಮಿಯಾನದವರಿಗೆಲ್ಲ ಸೇರಿ 12 ಲಕ್ಷ. ಪಾತ್ರೆ, ಒಲೆ, ವ್ಯಾನ್ ಎಲ್ಲ ಮಾರಿದರೆ ಕೈಗೆ ಬರುವುದು 7 ಲಕ್ಷ. 27ರಲ್ಲಿ 7 ಹೋದರೆ 20 ಲಕ್ಷ ಉಳಿಯಿತು. ಈ 20 ಲಕ್ಷ ಯಾರು ಕೊಡಬೇಕು? ವ್ಯವಹಾರ ಒಂದೇ, ಸಾಲ ಒಂದೇ. ಆದರೂ ಶುರುವಿನಲ್ಲಿ ಯಾವ ರೂಪ ಆರಿಸಿಕೊಂಡಿದ್ದರು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಒಬ್ಬರೇ ಮಾಲೀಕರು

ಗೆಳತಿಯರಲ್ಲಿ ಒಬ್ಬರೇ ತಮ್ಮ ಹೆಸರಲ್ಲಿ ನಡೆಸಿದ್ದರೆ ಅದು ಪ್ರೊಪ್ರೈಟರ್‌ಶಿಪ್. ನಮ್ಮ ಸುತ್ತಮುತ್ತಲಿನ ಕಿರಾಣಿ ಅಂಗಡಿ, ಬೇಕರಿ, ಟೈಲರ್, ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಹೆಚ್ಚಿನವು ಇದೇ ಲೆಕ್ಕಕ್ಕೆ ಬರುತ್ತವೆ. ಇದಕ್ಕೆ ಪ್ರತ್ಯೇಕ ಕಾಯ್ದೆ ಇಲ್ಲ, 'ಪ್ರೊಪ್ರೈಟರ್‌ಶಿಪ್ ನೋಂದಣಿ' ಎಂಬುದೊಂದು ಕೂಡ ಇಲ್ಲ. ಅಂಗಡಿ ಕಾಯ್ದೆಯ ನೋಂದಣಿ, ಟ್ರೇಡ್ ಲೈಸೆನ್ಸ್, ಉದ್ಯಮ್ ಸರ್ಟಿಫಿಕೇಟ್, ಬೇಕಿದ್ದರೆ ಜಿಎಸ್‌ಟಿ ನಂಬರ್ ತೆಗೆದುಕೊಂಡರೆ ಮುಗಿಯಿತು. ಪ್ಯಾನ್ ಕಾರ್ಡ್ ಮಾಲೀಕರದ್ದೇ.

ಆ ಪ್ಯಾನ್ ಕಾರ್ಡೇ ಎಲ್ಲ ಹೇಳುತ್ತದೆ. ಕಾನೂನಿನ ಕಣ್ಣಿಗೆ ಅಂಗಡಿ ಬೇರೆ, ಮಾಲೀಕ ಬೇರೆ ಅಲ್ಲ. ಬೋರ್ಡಿನ ಮೇಲೆ ಎಂಥ ದೊಡ್ಡ ಹೆಸರು ಬರೆಸಿದರೂ ಅದರ ಹಿಂದೆ ನಿಂತಿರುವುದು ಒಬ್ಬ ಮನುಷ್ಯ. ಹಾಗಾಗಿ 20 ಲಕ್ಷವೂ ಅವರ ಮೇಲೆಯೇ. ಸೈಟು, ಮನೆ, ಬ್ಯಾಂಕಿನಲ್ಲಿರುವ ಠೇವಣಿ, ಸ್ಕೂಟರ್ ಯಾವುದೂ ಹೊರಗಿಲ್ಲ.

2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನೆನಪಿರಬಹುದು. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ 'ಕ್ಯಾಶ್ ಮಾತ್ರ' ಎಂಬ ಚೀಟಿ ಅಂಟಿಸಿದ್ದರು. ಆಗ ಹಲವರು ಹೇಳಿದ ಮಾತು, ಆ ಖಾತೆಗೆ ಬಂದದ್ದೆಲ್ಲ ವ್ಯಾಪಾರದ ದುಡ್ಡಲ್ಲ, ಮನೆಯವರ ದುಡ್ಡೂ ಸೇರಿದೆ ಎಂದು. ಇರಬಹುದು. ಆದರೆ ಎರಡೂ ಒಂದೇ ಖಾತೆಯಲ್ಲಿ ಹರಿದಾಡಿದರೆ ಯಾವುದು ಯಾವುದು ಅಂತ ತೋರಿಸಿಕೊಡುವ ಕೆಲಸ ನಮ್ಮ ತಲೆ ಮೇಲೇ ಬೀಳುತ್ತದೆ. ಪ್ರೊಪ್ರೈಟರ್‌ಶಿಪ್‌ಗೆ ಬೇರೆ ಖಾತೆ ಮಾಡಿಸಲೇಬೇಕು ಅಂತ ಯಾರೂ ಬೆನ್ನು ಹತ್ತುವುದಿಲ್ಲ. ಆದರೂ ಮಾಡಿಸಿ.

ಹಾಗಂತ ಕೋರ್ಟ್ ಅಮೀನ ಬಂದು ಉಟ್ಟ ಬಟ್ಟೆವರೆಗೂ ಹೊತ್ತುಕೊಂಡು ಹೋಗುತ್ತಾನೆ ಅಂತಲ್ಲ. ಸಿವಿಲ್ ಪ್ರೊಸೀಜರ್ ಕೋಡಿನ 60ನೇ ಸೆಕ್ಷನ್‌ನಲ್ಲಿ ಜಪ್ತಿ ಮಾಡಬಾರದ ವಸ್ತುಗಳ ಪಟ್ಟಿಯೇ ಇದೆ. ಹಾಕುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ರೈತನ ದನ, ನೇಗಿಲು, ಬಿತ್ತನೆ ಬೀಜ, ರೈತ ವಾಸ ಮಾಡುವ ಮನೆ. ಧರ್ಮದ ರೂಢಿಯಂತೆ ಹೆಣ್ಣುಮಕ್ಕಳು ಮೈಮೇಲಿಂದ ತೆಗೆಯಬಾರದ ಒಡವೆಯನ್ನೂ ಮುಟ್ಟುವಂತಿಲ್ಲ. ಆದರೆ ಪೇಟೆಯ ವ್ಯಾಪಾರಿಯ ಸ್ವಂತ ಮನೆ ಈ ಪಟ್ಟಿಯಲ್ಲಿಲ್ಲ. ಮಾಲೀಕರು ತೀರಿಕೊಂಡರೆ ಮಕ್ಕಳು ತಮ್ಮ ಸ್ವಂತ ದುಡಿಮೆಯಿಂದ ಆ ಸಾಲ ತೀರಿಸಬೇಕಿಲ್ಲ. ಅಪ್ಪನಿಂದ ಬಂದ ಆಸ್ತಿ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಹೊಣೆ.

ಪಾಲುದಾರಿಕೆ: ಗೆಳೆತನದ ದುಬಾರಿ ರೂಪ

ಇಬ್ಬರೂ ಪಾಲುದಾರರಾಗಿದ್ದರೆ? ಹೊಣೆ ಅರ್ಧರ್ಧ ಆಗಿ ಹಗುರವಾಯಿತು ಅಂತ ಅನ್ನಿಸುತ್ತದೆ ಅಲ್ವಾ. ಆಗುವುದು ಉಲ್ಟಾ.

1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಫರ್ಮಿನ (ಪಾಲುದಾರರು ಸೇರಿ ನಡೆಸುವ ವ್ಯವಹಾರದ) ಸಾಲಕ್ಕೆ ಪಾಲುದಾರರು ಎಲ್ಲರೂ ಒಟ್ಟಾಗಿ ಹೊಣೆ, ಒಬ್ಬೊಬ್ಬರೂ ಪೂರ್ತಿಯಾಗಿ ಹೊಣೆ. ಅಂದರೆ ದಿನಸಿ ಅಂಗಡಿಯವರು ಇಬ್ಬರ ಹತ್ತಿರವೂ ಆರಾರು ಲಕ್ಷ ಕೇಳುತ್ತಾ ಕೂರಬೇಕಿಲ್ಲ. ಯಾರ ಹತ್ತಿರ ಆಸ್ತಿ ಇದೆಯೋ ಅವರೊಬ್ಬರನ್ನೇ ಹಿಡಿದು ಪೂರ್ತಿ 12 ಲಕ್ಷ ವಸೂಲು ಮಾಡಬಹುದು. 'ಡೀಡ್‌ನಲ್ಲಿ, ಅಂದರೆ ಪಾಲುದಾರಿಕೆ ಪತ್ರದಲ್ಲಿ, ನನ್ನ ಪಾಲು ಬರೀ ಶೇಕಡಾ 30' ಅಂದರೆ ಅದು ನಿಮ್ಮಿಬ್ಬರ ಒಳಗಿನ ಮಾತು, ಹೊರಗಿನವರಿಗೆ ಸಂಬಂಧವಿಲ್ಲ. ಪೂರ್ತಿ ಕಟ್ಟಿದವರು ಆಮೇಲೆ ಇನ್ನೊಬ್ಬರಿಂದ ಅವರ ಪಾಲು ಕೇಳಿ ಪಡೆಯಬಹುದು. ಅವರ ಹತ್ತಿರ ಇದ್ದರೆ.

ಇಲ್ಲಿ ಒಂದು ವಿಚಿತ್ರ ಗಮನಿಸಿ. ಪ್ರೊಪ್ರೈಟರ್ ಆಗಿದ್ದರೆ ನೀವು ನಿಮ್ಮ ತಪ್ಪಿಗೆ, ನಿಮ್ಮ ಕೆಲಸದವರ ತಪ್ಪಿಗೆ ಹೊಣೆ. ಪಾಲುದಾರರಾದ ದಿನದಿಂದ ಇನ್ನೊಬ್ಬರ ತಲೆಯಲ್ಲಿ ಹೊಳೆದ ಯೋಚನೆಗೂ ಹೊಣೆ. ಯಾಕೆಂದರೆ ಫರ್ಮಿನ ಎಂದಿನ ವ್ಯವಹಾರದ ಮಟ್ಟಿಗೆ ಪ್ರತಿ ಪಾಲುದಾರರೂ ಫರ್ಮಿನ ಏಜೆಂಟ್. ನಿಮಗೆ ಹೇಳದೆ ಕೇಳದೆ ಅವರು 3 ಲಕ್ಷದ ಎಣ್ಣೆ, ಬೇಳೆ ಸಾಲದ ಮೇಲೆ ತಂದರೂ ಅದು ಫರ್ಮಿನ ಸಾಲ, ಅಂದರೆ ನಿಮ್ಮ ಸಾಲ.

'ನಾವು ಡೀಡ್ ಬರೆಸಿಲ್ಲ, ಹಾಗಾಗಿ ಪಾರ್ಟ್ನರ್ ಅಲ್ಲ' ಎಂಬ ನಂಬಿಕೆಯೂ ಬಹಳ ಕಡೆ ಇದೆ. ಪಾಲುದಾರಿಕೆ ಹುಟ್ಟಲು ಕಾಗದವೇ ಬೇಕಿಲ್ಲ. ಲಾಭ ಹಂಚಿಕೊಳ್ಳುವ ಒಪ್ಪಂದ ಬಾಯಿಮಾತಿನಲ್ಲಿದ್ದರೂ, ಒಬ್ಬರು ಎಲ್ಲರ ಪರವಾಗಿ ವ್ಯವಹಾರ ನಡೆಸುತ್ತಿದ್ದರೂ ಸಾಕು. ದುಡ್ಡು ಹಾಕಿ ತೆರೆಮರೆಯಲ್ಲಿ ಕೂತ ಸ್ಲೀಪಿಂಗ್ ಪಾರ್ಟ್ನರಿಗೂ ಇದೇ ಕಥೆ. ಪಾಲುದಾರರೇ ಅಲ್ಲದವರು ಕೂಡ ಸಿಕ್ಕಿಕೊಳ್ಳಬಹುದು. ಭಾವನ ಹೆಸರಿಗೆ ಊರಲ್ಲಿ ಬೆಲೆ ಇದೆ ಅಂತ ವಿಸಿಟಿಂಗ್ ಕಾರ್ಡಿನಲ್ಲಿ ಅವರ ಹೆಸರನ್ನೂ ಹಾಕಿಸಿ, ಅವರೂ ಸುಮ್ನೆ ಇದ್ದರೆ, ಅದನ್ನು ನಂಬಿ ಸಾಲ ಕೊಟ್ಟವರಿಗೆ ಭಾವ ಜವಾಬು ಹೇಳಬೇಕಾಗುತ್ತದೆ.

ನೋಂದಣಿ ವಿಷಯ. ಕಾನೂನು ಪಾಲುದಾರಿಕೆಯನ್ನು ರಿಜಿಸ್ಟರ್ ಮಾಡಿಸಲೇಬೇಕು ಅನ್ನುವುದಿಲ್ಲ. ಮಾಡಿಸದಿದ್ದರೆ ಏನಾಗುತ್ತದೆ ಅಂತ 69ನೇ ಸೆಕ್ಷನ್ ಹೇಳುತ್ತದೆ. ನೋಂದಣಿ ಇಲ್ಲದ ಫರ್ಮು ತನ್ನ ಒಪ್ಪಂದದ ಬಾಕಿ ವಸೂಲಿಗೆ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ಆದರೆ ಹೊರಗಿನವರು ಫರ್ಮಿನ ಮೇಲೆ ಹೂಡಬಹುದು. ಮದುವೆ ಮನೆಯವರು 4 ಲಕ್ಷದ ಬಿಲ್ಲು ಕೊಡದೆ ಕೈ ಎತ್ತಿದರೆ ನೀವು ಕೋರ್ಟಿಗೆ ಹೋಗಲಾರಿರಿ. ನಿಮ್ಮನ್ನು ಮಾತ್ರ ಎಳೆಯಬಹುದು. ಇಷ್ಟು ಗೊತ್ತಿದ್ದೂ ನೋಂದಣಿ ಖರ್ಚು ಉಳಿಸುವುದು ನನಗಂತೂ ಅರ್ಥವಾಗದ ಲೆಕ್ಕ.

ಹೊರಗೆ ಬರುವುದೂ ಸಲೀಸಲ್ಲ. 'ಇವತ್ತಿಂದ ನಾನಿಲ್ಲ' ಅಂತ ಗೆಳತಿಗೆ ವಾಟ್ಸಾಪ್ ಮಾಡಿದರೆ ಹೊಣೆ ಕಳೆಯುವುದಿಲ್ಲ. ನಿವೃತ್ತಿಯ ಬಗ್ಗೆ ಸಾರ್ವಜನಿಕ ನೋಟಿಸ್ ಕೊಡುವವರೆಗೆ, ನಿಮ್ಮನ್ನು ಪಾಲುದಾರರೆಂದು ತಿಳಿದು ವ್ಯವಹಾರ ಮಾಡಿದವರಿಗೆ ನೀವಿನ್ನೂ ಹೊಣೆಯೇ. ನೋಂದಾಯಿತ ಫರ್ಮಾದರೆ ರಿಜಿಸ್ಟ್ರಾರ್‌ಗೆ ತಿಳಿಸಬೇಕು, ಗೆಜೆಟ್‌ನಲ್ಲಿ ಬರಬೇಕು, ಆ ಊರಲ್ಲಿ ಓದುವ ಕನ್ನಡ ಪತ್ರಿಕೆಯಂಥ ಒಂದು ಸ್ಥಳೀಯ ಭಾಷೆಯ ಪತ್ರಿಕೆಯಲ್ಲೂ ಪ್ರಕಟವಾಗಬೇಕು. ಪತ್ರಿಕೆಗಳ ಒಳಪುಟದ ಮೂಲೆಯಲ್ಲಿ ಕಾಣುವ ಆ ಪುಟ್ಟ ಪ್ರಕಟಣೆಗಳನ್ನು ಯಾರೂ ಓದುವುದಿಲ್ಲ ಅನ್ನಿಸಬಹುದು. ಹಾಕಿಸಿದವರಿಗೆ ಅದರ ಬೆಲೆ ಗೊತ್ತು.

ಹಿಂದೂ ಅವಿಭಕ್ತ ಕುಟುಂಬದ ಹೆಸರಲ್ಲಿ ವ್ಯಾಪಾರ ಮಾಡುವವರೂ ಇದ್ದಾರೆ. ಅಲ್ಲಿ ಕರ್ತನ, ಅಂದರೆ ಕುಟುಂಬದ ಯಜಮಾನನ, ಹೊಣೆಗೆ ಮಿತಿ ಇಲ್ಲ, ಉಳಿದ ಸದಸ್ಯರಿಗೆ ಕುಟುಂಬದ ಆಸ್ತಿಯಲ್ಲಿನ ತಮ್ಮ ಪಾಲಿನಷ್ಟು ಮಾತ್ರ. ಹೊಸ ವ್ಯವಹಾರಕ್ಕೆ ಇದನ್ನು ಆರಿಸಿಕೊಳ್ಳುವ ಕಾರಣ ನನಗೆ ಕಾಣುವುದಿಲ್ಲ, ಮುಂದೆ ಹೋಗೋಣ.

ಲಂಡನ್ನಿನ ಬೂಟು ವ್ಯಾಪಾರಿ ಎತ್ತಿ ನಿಲ್ಲಿಸಿದ ಗೋಡೆ

ಮಾಲೀಕನಿಗೂ ವ್ಯವಹಾರಕ್ಕೂ ನಡುವೆ ಕಾನೂನು ಒಂದು ಗೋಡೆ ಕಟ್ಟಬಹುದು ಎಂಬ ಯೋಚನೆ ಈಗ ನಮಗೆ ಸಹಜ. ಮೊದಲು ಹಾಗಿರಲಿಲ್ಲ. ಬ್ರಿಟನ್ ಇದಕ್ಕೆ 1855ರಲ್ಲಿ ಕಾನೂನು ಮಾಡಿತು. ಭಾರತಕ್ಕೆ 1857ರಲ್ಲಿ ಬಂತು, ಅದೂ ಬ್ಯಾಂಕುಗಳನ್ನು ಹೊರಗಿಟ್ಟು. ಆದರೆ ಗೋಡೆ ನಿಜಕ್ಕೂ ಎಷ್ಟು ಗಟ್ಟಿ ಅಂತ ಲೋಕಕ್ಕೆ ಗೊತ್ತಾಗಿದ್ದು ಅರಾನ್ ಸಾಲೊಮನ್ ಎಂಬ ವ್ಯಾಪಾರಿಯ ಕೇಸಿನಲ್ಲಿ.

ಸಾಲೊಮನ್ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಚರ್ಮದ ಬೂಟು ಮಾಡಿಸಿ ಮಾರುತ್ತಿದ್ದ. 1892ರಲ್ಲಿ ತನ್ನ ವ್ಯವಹಾರವನ್ನು ಒಂದು ಕಂಪನಿಗೆ ಮಾರಿದ. ಕಂಪನಿಗೆ ಆಗ ಏಳು ಜನ ಬೇಕಿತ್ತು. ಹೆಂಡತಿ, ಮಗಳು, ನಾಲ್ಕು ಗಂಡುಮಕ್ಕಳಿಗೆ ಒಂದೊಂದು ಷೇರು ಕೊಟ್ಟು 20,001 ಷೇರು ತಾನೇ ಇಟ್ಟುಕೊಂಡ. ಮಾರಾಟದ ಬೆಲೆಯಲ್ಲಿ 10,000 ಪೌಂಡನ್ನು ಕಂಪನಿ ತನಗೆ ಕೊಡಬೇಕಾದ ಸಾಲ ಅಂತ ಬರೆಸಿಕೊಂಡ, ಅದಕ್ಕೆ ಕಂಪನಿಯ ಆಸ್ತಿಯ ಮೇಲೆ ಮೊದಲ ಹಕ್ಕೂ ಇತ್ತು. ಸ್ವಲ್ಪ ಕಾಲದಲ್ಲೇ ಕಂಪನಿ ಮುಳುಗಿತು. ಮಾಲು ಕೊಟ್ಟವರು ಬಾಯಿ ಬಡಿದುಕೊಂಡರು. ಕೆಳಗಿನ ಎರಡು ಕೋರ್ಟುಗಳು, ಇದೆಲ್ಲ ನಾಟಕ, ಕಂಪನಿ ಅಂದರೆ ಸಾಲೊಮನ್ನೇ, ಅವನೇ ಕಟ್ಟಬೇಕು ಎಂಬರ್ಥದ ತೀರ್ಪು ಕೊಟ್ಟವು. 1896ರ ನವೆಂಬರ್‌ನಲ್ಲಿ, ಆಗ ಬ್ರಿಟನ್ನಿನ ಅತಿ ಮೇಲಿನ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ಅದನ್ನು ತಿರುಗಿಸಿ ಹಾಕಿತು. ಕಾನೂನು ಹೇಳಿದ ಹಾಗೆ ಕಂಪನಿ ರಿಜಿಸ್ಟರ್ ಆಗಿದ್ದರೆ ಅದು ಬೇರೆಯೇ ವ್ಯಕ್ತಿ. ಅದರ ಸಾಲ ಅದರದ್ದು.

ನಮ್ಮ 2013ರ ಕಂಪನಿ ಕಾಯ್ದೆಯೂ ಇದೇ ತಳಪಾಯದ ಮೇಲೆ ನಿಂತಿದೆ. ಪ್ರೈವೇಟ್ ಲಿಮಿಟೆಡ್‌ಗೆ ಕನಿಷ್ಠ ಇಬ್ಬರು ಷೇರುದಾರರು, ಇಬ್ಬರು ನಿರ್ದೇಶಕರು ಸಾಕು. ಅವರೇ ಇವರಾಗಬಹುದು. ಷೇರುದಾರರ ಸಂಖ್ಯೆ ಸಾಮಾನ್ಯವಾಗಿ 200 ದಾಟುವಂತಿಲ್ಲ. ಕನಿಷ್ಠ 1 ಲಕ್ಷ ಬಂಡವಾಳ ಬೇಕು ಎಂಬ ನಿಯಮವನ್ನು 2015ರಲ್ಲೇ ತೆಗೆದುಹಾಕಿದರು. ಒಬ್ಬರೇ ಇದ್ದರೆ ಏಕವ್ಯಕ್ತಿ ಕಂಪನಿ, ಅಂದರೆ ಓಪಿಸಿ ಮಾಡಬಹುದು. ಅದಕ್ಕೆ ನಿಮ್ಮ ನಂತರ ಯಾರು ಎಂದು ಒಬ್ಬ ನಾಮಿನಿ ಬೇಕು.

ಗೆಳತಿಯರು ತಲಾ 50 ಸಾವಿರದ ಷೇರು ತೆಗೆದುಕೊಂಡು ಪೂರ್ತಿ ದುಡ್ಡು ಕಟ್ಟಿದ್ದರೆ ಷೇರುದಾರರಾಗಿ ಅವರ ಹೊಣೆ ಅಲ್ಲಿಗೆ ಮುಗಿಯಿತು. 10 ರೂಪಾಯಿ ಷೇರಿಗೆ 6 ರೂಪಾಯಿ ಮಾತ್ರ ಕಟ್ಟಿದ್ದರೆ ಉಳಿದ 4 ರೂಪಾಯಿ ಕೇಳಬಹುದು, ಅಷ್ಟೇ. ವ್ಯವಹಾರ ನಿಂತಾಗ ಬ್ಯಾಂಕು ತನ್ನ ಅಡಮಾನದ ಹಕ್ಕಿನಿಂದ ವ್ಯಾನು, ಪಾತ್ರೆ ಮಾರಿಸಿ 7 ಲಕ್ಷ ಮೊದಲು ತೆಗೆದುಕೊಳ್ಳುತ್ತದೆ. ದಿನಸಿ, ತರಕಾರಿಯವರ 12 ಲಕ್ಷಕ್ಕೆ ಕಂಪನಿಯಲ್ಲಿ ಏನೂ ಉಳಿದಿಲ್ಲ. ಗೆಳತಿಯರ ಮನೆಗೆ ಅವರು ಬರುವಂತಿಲ್ಲ.

ಆ 12 ಲಕ್ಷ ಗಾಳಿಯಲ್ಲಿ ಕರಗಿಹೋಗಲಿಲ್ಲ ಅನ್ನುವುದನ್ನೂ ಹೇಳಿಬಿಡಬೇಕು. ಅದು ತರಕಾರಿಯವರ ಹೊಟ್ಟೆ ಮೇಲೆ ಬಿತ್ತು. ಅದಕ್ಕೇ ಕಂಪನಿ ತನ್ನ ಹೆಸರಿನ ಕೊನೆಗೆ 'ಪ್ರೈವೇಟ್ ಲಿಮಿಟೆಡ್' ಅಂತ ಸೇರಿಸಲೇಬೇಕು. ಎದುರಿನವರಿಗೆ ಅದೊಂದು ಎಚ್ಚರಿಕೆ. ಕಚೇರಿ ಹೊರಗಿನ ಬೋರ್ಡಿನಲ್ಲಿ ಹೆಸರು, ವಿಳಾಸ ಆ ಊರಿನಲ್ಲಿ ಬಳಕೆಯಲ್ಲಿರುವ ಲಿಪಿಯಲ್ಲೂ ಇರಬೇಕು ಅಂತ ಕಂಪನಿ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತದೆ. ಕನ್ನಡ ಬೋರ್ಡಿನ ಜಗಳ ಬಂದಾಗ ಯಾರೂ ಈ ಕೇಂದ್ರ ಕಾನೂನನ್ನು ನೆನೆಯುವುದಿಲ್ಲ, ಯಾಕೋ ಗೊತ್ತಿಲ್ಲ.

ಇನ್ನು ಎಲ್‌ಎಲ್‌ಪಿ. 2008ರಲ್ಲಿ ಕಾಯ್ದೆ ಬಂತು. ಹೊರಗಿನಿಂದ ನೋಡಿದರೆ ಕಂಪನಿಯ ಹಾಗೆ ಪ್ರತ್ಯೇಕ ವ್ಯಕ್ತಿ, ಒಳಗೆ ಪಾಲುದಾರಿಕೆಯ ಹಾಗೆ ತಮಗೆ ಬೇಕಾದಂತೆ ಒಪ್ಪಂದ ಮಾಡಿಕೊಳ್ಳುವ ಸಲಿಗೆ. ಹಳೇ ಪಾಲುದಾರಿಕೆಯ ದೊಡ್ಡ ಕುತ್ತು ಇಲ್ಲಿಲ್ಲ. ಗೆಳತಿ ಮಾಡಿದ ತಪ್ಪಿಗೆ ನೀವು ಬರೀ ಪಾಲುದಾರರು ಎಂಬ ಕಾರಣಕ್ಕೆ ನಿಮ್ಮ ಸ್ವಂತ ಆಸ್ತಿ ಹೋಗುವುದಿಲ್ಲ.

ಗೋಡೆಯಲ್ಲಿ ನಾವೇ ತೆರೆಯುವ ಬಾಗಿಲು

ಇಷ್ಟು ಓದಿ 'ಸರಿ, ನಾಳೆಯೇ ಲಿಮಿಟೆಡ್ ಮಾಡಿಸಿಬಿಡೋಣ' ಅಂತ ಎದ್ದವರು ಸ್ವಲ್ಪ ಕೂತುಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಬ್ಯಾಂಕಿನ 8 ಲಕ್ಷ ಇನ್ನೂ ಬಾಕಿ ಇದೆ. ಆ ದುಡ್ಡನ್ನು ಗೆಳತಿಯರೇ ಕಟ್ಟಬೇಕಾಗಿ ಬರುವುದು ಬಹುಪಾಲು ಖಚಿತ. ಯಾಕೆಂದರೆ ಸಾಲ ಕೊಡುವ ದಿನ ಬ್ಯಾಂಕು ಕಂಪನಿಯ ಸಹಿ ಜೊತೆಗೆ ಇಬ್ಬರಿಂದಲೂ ವೈಯಕ್ತಿಕ ಜಾಮೀನಿನ ಸಹಿ ಹಾಕಿಸಿಕೊಂಡಿರುತ್ತದೆ. ಸಣ್ಣ ಕಂಪನಿಗೆ ಸುಮ್ನೆ ಕಂಪನಿಯನ್ನೇ ನಂಬಿ ಸಾಲ ಕೊಡುವ ಬ್ಯಾಂಕು ಅಪರೂಪ.

ಜಾಮೀನು ಅಂದರೆ ಎಷ್ಟು? 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಒಪ್ಪಂದದಲ್ಲಿ ಬೇರೆ ಬರೆದಿಲ್ಲದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. ಬ್ಯಾಂಕು ಮೊದಲು ಕಂಪನಿಯ ಆಸ್ತಿ ಎಲ್ಲ ಮಾರಿ ಆಮೇಲೆ ನಿಮ್ಮ ಹತ್ತಿರ ಬರಬೇಕು ಎಂಬ ಕಟ್ಟಳೆ ಇಲ್ಲ. ನೇರ ನಿಮ್ಮ ಹತ್ತಿರವೇ ಬರಬಹುದು.

ಇದಕ್ಕೆ ಬೆಂಗಳೂರಿನವರಿಗೆ ಗೊತ್ತಿರುವ ದೊಡ್ಡ ಉದಾಹರಣೆ ಕಿಂಗ್‌ಫಿಶರ್ ಏರ್‌ಲೈನ್ಸ್. ಅದು ಲಿಮಿಟೆಡ್ ಕಂಪನಿ. 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿತು. ಬರೀ ಷೇರುದಾರ, ಬರೀ ಅಧ್ಯಕ್ಷ ಆಗಿದ್ದರೆ ವಿಜಯ್ ಮಲ್ಯ ಅವರ ಸ್ವಂತ ಆಸ್ತಿಗೆ ಆ ಸಾಲ ಅಂಟುತ್ತಿರಲಿಲ್ಲ. ಆದರೆ 2010ರ ಡಿಸೆಂಬರ್‌ನಲ್ಲಿ ಅವರು ವೈಯಕ್ತಿಕ ಜಾಮೀನಿಗೆ ಸಹಿ ಹಾಕಿದ್ದರು. 2017ರ ಜನವರಿಯಲ್ಲಿ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 6,203 ಕೋಟಿ ರೂಪಾಯಿಯನ್ನು ಬಡ್ಡಿ ಸಮೇತ ವಸೂಲು ಮಾಡಲು ಬ್ಯಾಂಕುಗಳಿಗೆ ಹಸಿರು ನಿಶಾನೆ ಕೊಟ್ಟಿತು. 2021ರ ಜುಲೈನಲ್ಲಿ ಲಂಡನ್ನಿನ ಕೋರ್ಟು ಅವರನ್ನು ದಿವಾಳಿ ಎಂದು ಘೋಷಿಸಿತು. ಸಾಲೊಮನ್‌ನನ್ನು ಕಾಪಾಡಿದ ಗೋಡೆ ಇಲ್ಲೂ ಇತ್ತು. ಅದರೊಳಗೆ ಒಂದು ಸಹಿ ದಾರಿ ಮಾಡಿಕೊಟ್ಟಿತ್ತು.

ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗಿ, ಯಾರೋ ಅದನ್ನು ಕೊಂಡು, ಸಾಲದಲ್ಲಿ ಒಂದಷ್ಟು ಮನ್ನಾ ಆದರೆ ಜಾಮೀನುದಾರ ಬಚಾವ್ ಅಂತ ಅಂದುಕೊಳ್ಳುವ ಹಾಗೂ ಇಲ್ಲ. ಅಷ್ಟರಿಂದಲೇ ಜಾಮೀನು ತಾನಾಗಿ ಬಿದ್ದುಹೋಗುವುದಿಲ್ಲ ಅಂತ 2021ರ ಮೇ ತಿಂಗಳಲ್ಲಿ ಲಲಿತ್ ಕುಮಾರ್ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಎರಡನೆಯ ಬಾಗಿಲು ಚೆಕ್. ದಿನಸಿಯವರಿಗೆ ಕಂಪನಿ ಪರವಾಗಿ ಕೊಟ್ಟ ಚೆಕ್ ಬೌನ್ಸ್ ಆದರೆ, ನೋಟಿಸ್ ಬಂದ 15 ದಿನದಲ್ಲಿ ಹಣ ಕೊಡದಿದ್ದರೆ, ಅದು ಕ್ರಿಮಿನಲ್ ಕೇಸು. ಕಂಪನಿಯನ್ನು ಜೈಲಿಗೆ ಹಾಕಲಾಗದು. ಆ ಹೊತ್ತಿನಲ್ಲಿ ವ್ಯವಹಾರ ನೋಡಿಕೊಳ್ಳುತ್ತಿದ್ದ ನಿರ್ದೇಶಕರನ್ನು ಹಾಕಬಹುದು, 2 ವರ್ಷದವರೆಗೆ. ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡವೂ ಬೀಳಬಹುದು. 'ಸೆಕ್ಯುರಿಟಿಗೆ ಇರಲಿ' ಅಂತ ಖಾಲಿ ಚೆಕ್ ಕೊಡುವ ಅಭ್ಯಾಸ ನಮ್ಮ ಪೇಟೆಗಳಲ್ಲಿ ಜಾಸ್ತಿ. ಅದು ಸಾಲ ವಸೂಲಿಯ ಅತಿ ಚುರುಕು ಆಯುಧ ಅಂತ ತೆಗೆದುಕೊಳ್ಳುವವರಿಗೆ ಗೊತ್ತಿದೆ, ಕೊಡುವವರಿಗೆ ಗೊತ್ತಿಲ್ಲ.

ಮೂರನೆಯದು ಸರ್ಕಾರದ ಬಾಕಿ. ಪ್ರೈವೇಟ್ ಕಂಪನಿಯಿಂದ ಜಿಎಸ್‌ಟಿ ವಸೂಲಾಗದಿದ್ದರೆ ಆ ಅವಧಿಯ ನಿರ್ದೇಶಕರಿಂದ ಕೇಳಬಹುದು. ತಮ್ಮ ಬೇಜವಾಬ್ದಾರಿಯಿಂದ ಹೀಗಾಗಿಲ್ಲ ಅಂತ ತೋರಿಸಿಕೊಡುವ ಕೆಲಸ ನಿರ್ದೇಶಕರದ್ದೇ. ಆದಾಯ ತೆರಿಗೆಯಲ್ಲೂ ಹೆಚ್ಚುಕಮ್ಮಿ ಇದೇ ನಿಯಮ. ಕೆಲಸದವರ ಸಂಬಳದಿಂದ ಪಿಎಫ್ ಹಿಡಿದು ಕಟ್ಟದೆ ಇದ್ದರೆ ಅದು ನಂಬಿಕೆ ದ್ರೋಹದ ಅಪರಾಧ. ಕೈ ಬಿಗಿಯಾದಾಗ ಎಲ್ಲರೂ ಮೊದಲು ನಿಲ್ಲಿಸುವುದು ಜಿಎಸ್‌ಟಿ ಮತ್ತು ಪಿಎಫ್. ಅತಿ ಕೊನೆಗೆ ನಿಲ್ಲಿಸಬೇಕಾದವು ಅವೇ.

ಇನ್ನು ನಮ್ಮ ಸ್ವಂತ ಕೈಯ ತಪ್ಪು. ಹಳಸಿದ ಪನ್ನೀರು ಅಂತ ಗೊತ್ತಿದ್ದೂ ಗೆಳತಿಯೊಬ್ಬರು ತಾವೇ ನಿಂತು ಬಡಿಸಿ, ಮದುವೆಗೆ ಬಂದವರು ಆಸ್ಪತ್ರೆ ಸೇರಿದರೆ, ಎಲ್‌ಎಲ್‌ಪಿ ಆಗಲಿ ಕಂಪನಿ ಆಗಲಿ ಅವರನ್ನು ಕಾಪಾಡುವುದಿಲ್ಲ. ಅಡುಗೆಯವರೊಬ್ಬರ ಅಜಾಗರೂಕತೆಯಿಂದ ಆದರೆ ಪರಿಹಾರ ಕೊಡಬೇಕಾದ್ದು ಕಂಪನಿ. ಪ್ರೊಪ್ರೈಟರ್ ಆದರೆ ಎರಡೂ ಸಂದರ್ಭದಲ್ಲಿ ಮಾಲೀಕರೇ. ಈ ಬಗೆಯ ಅಪಾಯಕ್ಕೆ ರೂಪ ಬದಲಿಸುವುದಕ್ಕಿಂತ ವಿಮೆ ಒಳ್ಳೆಯ ಮದ್ದು. ಸಾರ್ವಜನಿಕ ಹೊಣೆಯ ವಿಮೆ, ವೈದ್ಯರು, ಎಂಜಿನಿಯರುಗಳಿಗೆ ವೃತ್ತಿ ಹೊಣೆಯ ವಿಮೆ ಸಿಗುತ್ತವೆ. ವ್ಯಾನಿಗೆ ವಿಮೆ ಮಾಡಿಸುವವರು ಊಟಕ್ಕೆ ಮಾಡಿಸುವುದಿಲ್ಲ.

ಕೊನೆಯದು ಮೋಸ. ಸಾಲ ಕೊಟ್ಟವರಿಗೆ ಟೋಪಿ ಹಾಕಲೆಂದೇ ಕಂಪನಿಯನ್ನು ಬಳಸಿದರೆ ಕೋರ್ಟು ಗೋಡೆಯನ್ನೇ ಪಕ್ಕಕ್ಕೆ ಸರಿಸುತ್ತದೆ. ಮೋಸ ಅಂದರೆ ದೊಡ್ಡ ಹಗರಣವೇ ಆಗಬೇಕಿಲ್ಲ. ಕಂಪನಿಯ ಕ್ಯೂಆರ್ ಕೋಡ್ ಗಂಡನ ಫೋನಿಗೆ ಜೋಡಿಸಿರುವುದು, ಮಗನ ಕಾಲೇಜು ಫೀಸು ಕಂಪನಿ ಖಾತೆಯಿಂದ ಹೋಗುವುದು, ಒಪ್ಪಂದಕ್ಕೆ ಕಂಪನಿ ಹೆಸರಿಲ್ಲದೆ ಬರೀ ನಮ್ಮ ಸಹಿ ಹಾಕುವುದು, ಇವೆಲ್ಲ ಕಂಪನಿ ಬೇರೆ, ನಾನು ಬೇರೆ ಅನ್ನುವ ನಮ್ಮ ವಾದದ ಬುಡಕ್ಕೆ ನಾವೇ ಕೊಡುವ ಏಟು.

ಹಾಗಾದರೆ ಗೋಡೆಗೆ ಬೆಲೆ ಇಲ್ಲವೇ? ಇದೆ. ದಿನಸಿಯವರು, ಜಾಗ ಬಾಡಿಗೆಗೆ ಕೊಟ್ಟವರು, ಒಪ್ಪಂದ ಮುರಿದಿರಿ ಅಂತ ಪರಿಹಾರ ಕೇಳುವ ಗಿರಾಕಿಗಳು, ಜೊತೆಗಾರರ ತಪ್ಪು ಇವುಗಳ ವಿರುದ್ಧ ಅದು ಗಟ್ಟಿಯಾಗಿಯೇ ನಿಲ್ಲುತ್ತದೆ. ಬ್ಯಾಂಕು, ಸರ್ಕಾರ, ನಿಮ್ಮ ಸ್ವಂತ ತಪ್ಪು ಇವುಗಳ ವಿರುದ್ಧ ನಿಲ್ಲುವುದಿಲ್ಲ. ಹಾಗಾಗಿ ನಿಮ್ಮ ವ್ಯವಹಾರ ಕೆಟ್ಟರೆ ಯಾರಿಗೆ ಜಾಸ್ತಿ ಕೊಡಬೇಕಾಗಿ ಬರಬಹುದು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪಟ್ಟಿಯಲ್ಲಿ ಬರೀ ಬ್ಯಾಂಕಿದ್ದರೆ ಕಂಪನಿ ಮಾಡಿ ದೊಡ್ಡ ಉಪಯೋಗವಿಲ್ಲ.

ಖರ್ಚು, ತೆರಿಗೆ, ಕಾಗದ ಪತ್ರ

ಪ್ರೊಪ್ರೈಟರ್‌ಗೆ ತೆರಿಗೆ ಮಾಮೂಲಿ ಸ್ಲ್ಯಾಬ್ ಲೆಕ್ಕ. 2025ರ ಬಜೆಟ್ ನಂತರ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಮಾಮೂಲಿ ಆದಾಯಕ್ಕೆ ತೆರಿಗೆಯೇ ಬರುವುದಿಲ್ಲ. ಸಣ್ಣವರಿಗೆ ಇದು ದೊಡ್ಡ ಅನುಕೂಲ. ಪಾಲುದಾರಿಕೆ ಮತ್ತು ಎಲ್‌ಎಲ್‌ಪಿಗೆ ಮೊದಲ ರೂಪಾಯಿಯಿಂದಲೇ ಶೇಕಡಾ 30, ಮೇಲೆ ಸೆಸ್. ಆದರೆ ದುಡಿಯುವ ಪಾಲುದಾರರಿಗೆ ಕೊಡುವ ಸಂಬಳವನ್ನು ಮಿತಿಯೊಳಗೆ ಕಳೆಯಬಹುದು, ತೆರಿಗೆ ಕಟ್ಟಿದ ಮೇಲೆ ಹಂಚಿಕೊಂಡ ಲಾಭಕ್ಕೆ ಮತ್ತೆ ತೆರಿಗೆ ಇಲ್ಲ. ಕಂಪನಿ ರಿಯಾಯಿತಿ ದರ ಆರಿಸಿಕೊಂಡರೆ ಎಲ್ಲ ಸೇರಿ ಸುಮಾರು ಶೇಕಡಾ 25.17. ಲಾಭವನ್ನು ಡಿವಿಡೆಂಡ್ ಅಂತ ಮನೆಗೆ ತಂದರೆ ನಿಮ್ಮ ಕೈಯಲ್ಲಿ ಇನ್ನೊಮ್ಮೆ ತೆರಿಗೆ. ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವ ಸುಲಭ ಯೋಜನೆ ಪ್ರೊಪ್ರೈಟರ್‌ಗೂ ಪಾಲುದಾರಿಕೆಗೂ ಸಿಗುತ್ತದೆ, ಎಲ್‌ಎಲ್‌ಪಿಗೂ ಕಂಪನಿಗೂ ಸಿಗುವುದಿಲ್ಲ.

ಕಾಗದ ಪತ್ರದ ಕಾಟ ಕಂಪನಿಗೇ ಜಾಸ್ತಿ. ಒಂದು ರೂಪಾಯಿ ವ್ಯಾಪಾರ ಆಗದಿದ್ದರೂ ಪ್ರತಿ ವರ್ಷ ಆಡಿಟ್ ಆಗಬೇಕು, ಲೆಕ್ಕಪತ್ರ ಮತ್ತು ವಾರ್ಷಿಕ ರಿಟರ್ನ್ ಕಂಪನಿ ರಿಜಿಸ್ಟ್ರಾರ್‌ಗೆ ಹೋಗಬೇಕು. ತಡವಾದರೆ ಪ್ರತಿ ಫಾರಂಗೆ ದಿನಕ್ಕೆ 100 ರೂಪಾಯಿ. ಸತತ ಮೂರು ವರ್ಷ ಕೊಡದೆ ಬಿಟ್ಟರೆ ನಿರ್ದೇಶಕರು ಐದು ವರ್ಷಕ್ಕೆ ಅನರ್ಹರು. 2017ರಲ್ಲಿ ಕೇಂದ್ರ ಸರ್ಕಾರ ಈ ಕತ್ತಿ ಬೀಸಿದಾಗ ದೇಶದಲ್ಲಿ ಲಕ್ಷಾಂತರ ನಿರ್ದೇಶಕರು ಅನರ್ಹರಾದರು. ಎಲ್‌ಎಲ್‌ಪಿಗೂ ವರ್ಷಕ್ಕೆ ಎರಡು ಫಾರಂ ಇವೆ, ಆದರೆ ಅದರ ಕಾಯ್ದೆಯಂತೆ ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟಿದರೆ ಮಾತ್ರ ಆಡಿಟ್ ಕಡ್ಡಾಯ.

ನನ್ನ ಅಭಿಪ್ರಾಯ ಕೇಳಿದರೆ, ಒಬ್ಬರೇ ನಡೆಸುವ, ಸಾಲ ಕಮ್ಮಿ ಇರುವ, ಯಾರಿಗೂ ದೊಡ್ಡ ಹಾನಿ ಮಾಡಲಾರದ ಸಣ್ಣ ವ್ಯಾಪಾರಕ್ಕೆ ಪ್ರೊಪ್ರೈಟರ್‌ಶಿಪ್ ಸಾಕು. ಅದನ್ನು ಕೀಳು ಅಂತ ನೋಡಬೇಕಿಲ್ಲ. ಇಬ್ಬರು ಮೂವರು ಸೇರುವುದಾದರೆ ಹಳೇ ಪಾಲುದಾರಿಕೆಗಿಂತ ಎಲ್‌ಎಲ್‌ಪಿ ಮೇಲು. ಅಂದಾಜು ತೆರಿಗೆಯ ಸೌಲಭ್ಯ ಬಿಟ್ಟುಕೊಡಬೇಕಾಗುತ್ತದೆ, ಆದರೆ ಇನ್ನೊಬ್ಬರ ತಪ್ಪಿಗೆ ಮನೆ ಕಳೆದುಕೊಳ್ಳುವ ಭಯಕ್ಕಿಂತ ಅದು ಅಗ್ಗ. ಹೊರಗಿನ ಹೂಡಿಕೆದಾರರನ್ನು ತರುವ, ಕೆಲಸದವರಿಗೆ ಷೇರು ಕೊಡುವ ಆಸೆ ಇದ್ದರೆ ಪ್ರೈವೇಟ್ ಲಿಮಿಟೆಡ್ ಬಿಟ್ಟು ಬೇರೆ ದಾರಿ ಇಲ್ಲ. 1981ರಲ್ಲಿ ಇನ್ಫೋಸಿಸ್ ಕೂಡ 10 ಸಾವಿರ ರೂಪಾಯಿಯ ಸಣ್ಣ ಬಂಡವಾಳದಲ್ಲಿ ಶುರುವಾದದ್ದು ಪ್ರೈವೇಟ್ ಲಿಮಿಟೆಡ್ ಆಗಿಯೇ. ರೈತರು ಸೇರಿ ಮಾಡುವುದಾದರೆ ಹತ್ತು ಜನ ಬೆಳೆಗಾರರು ಸೇರಿ ಉತ್ಪಾದಕರ ಕಂಪನಿ ಮಾಡಬಹುದು, ಅದರಲ್ಲೂ ಹೊಣೆಗೆ ಮಿತಿ ಇದೆ.

ಅಮೆರಿಕದಲ್ಲೋ ದುಬೈಯಲ್ಲೋ ಇರುವ ತಮ್ಮ ಪಾಲುದಾರನಾಗುತ್ತಾನೆ ಅಂದರೆ ಒಂದು ಮಾತು. ಕಂಪನಿಯಲ್ಲಿ ಕನಿಷ್ಠ ಒಬ್ಬ ನಿರ್ದೇಶಕರು ಆ ಹಣಕಾಸು ವರ್ಷದಲ್ಲಿ 182 ದಿನ ಭಾರತದಲ್ಲಿ ಇದ್ದಿರಬೇಕು. ಎಲ್‌ಎಲ್‌ಪಿಯಲ್ಲಿ ಒಬ್ಬ ನಿಯೋಜಿತ ಪಾಲುದಾರರಿಗೆ (ಕಾನೂನಿನ ಕೆಲಸಗಳಿಗೆಂದು ಹೆಸರಿಸಿದ ಪಾಲುದಾರರಿಗೆ) ಇದು 120 ದಿನ. ಅಂದರೆ ಊರಲ್ಲಿರುವ ಅಣ್ಣನೇ ಆ ಕುರ್ಚಿಯಲ್ಲಿ ಕೂರಬೇಕು, ಚೆಕ್ಕಿಗೂ ಜಿಎಸ್‌ಟಿಗೂ ಅವನೇ ಸಿಗುತ್ತಾನೆ. ದುಡ್ಡು ತಮ್ಮನದ್ದು, ಹೊಣೆ ಅಣ್ಣನದ್ದು ಆಗದ ಹಾಗೆ ಒಪ್ಪಂದ ಮೊದಲೇ ಬರೆದುಕೊಳ್ಳುವುದು ವಾಸಿ.

ಈಗ ಪ್ರೊಪ್ರೈಟರ್ ಆಗಿರುವವರು ಮುಂದೆ ಕಂಪನಿಗೆ ಬದಲಾಗಬಹುದು. ಹಳೇ ಸಾಲ ಅದರಿಂದ ಕಂಪನಿಗೆ ತಾನಾಗಿ ದಾಟುವುದಿಲ್ಲ. ಸಾಲ ಕೊಟ್ಟವರು ಒಪ್ಪಬೇಕು, ಅಲ್ಲಿವರೆಗೆ ಅದು ನಿಮ್ಮದೇ.

ಜಾಮೀನಿಗೆ ಸಹಿ ಹಾಕುವ ಮುಂಚೆ ಎರಡು ವಿಷಯ ಕೇಳಿ. ಮೊತ್ತಕ್ಕೆ ಮಿತಿ ಹಾಕಿಸಬಹುದಾ? ಇದು ಈ ಒಂದು ಸಾಲಕ್ಕೆ ಮಾತ್ರವಾ, ಇಲ್ಲ ಮುಂದೆ ತೆಗೆಯುವ ಎಲ್ಲ ಸಾಲಕ್ಕೂ ಮುಂದುವರಿಯುವ ಜಾಮೀನಾ? ಎಷ್ಟೋ ಬಾರಿ ಬ್ಯಾಂಕು ಒಪ್ಪುವುದಿಲ್ಲ, ಕೇಳಿದರೆ ನಷ್ಟವೂ ಇಲ್ಲ. ನಿರ್ದೇಶಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಹೊರಬಂದವರು ಮರೆಯುವುದು ಇದನ್ನೇ. ರಾಜೀನಾಮೆ ಕಂಪನಿಗೆ ಕೊಟ್ಟದ್ದು, ಜಾಮೀನು ಬ್ಯಾಂಕಿಗೆ ಕೊಟ್ಟದ್ದು. ಒಂದು ಮುಗಿದರೆ ಇನ್ನೊಂದು ಮುಗಿಯುವುದಿಲ್ಲ. ಮುಂದುವರಿಯುವ ಜಾಮೀನನ್ನು ಮುಂದಿನ ವ್ಯವಹಾರಗಳ ಮಟ್ಟಿಗೆ ನೋಟಿಸ್ ಕೊಟ್ಟು ಹಿಂತೆಗೆದುಕೊಳ್ಳಲು ಕರಾರು ಕಾಯ್ದೆಯ 130ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆದರೆ ಬ್ಯಾಂಕಿನ ಫಾರಂನಲ್ಲಿ ಅದಕ್ಕೆ ಅಡ್ಡ ಬರುವ ಷರತ್ತು ಇದೆಯೇ ಅಂತ ವಕೀಲರಿಂದ ಓದಿಸಿಕೊಳ್ಳಬೇಕು. ಹೊರಬರುವ ದಿನವೇ ಬ್ಯಾಂಕಿಗೆ ನೋಟಿಸ್ ಕೊಡಿ, ಅವತ್ತಿನ ಬಾಕಿ ಎಷ್ಟು ಅಂತ ಬರೆಸಿಕೊಳ್ಳಿ, ನಿಮ್ಮ ಬದಲು ಇನ್ನೊಬ್ಬರ ಜಾಮೀನು ಪಡೆದು ನಿಮ್ಮನ್ನು ಬಿಡುಗಡೆ ಮಾಡಿದ್ದೇವೆ ಎಂಬ ಪತ್ರ ಕೈಗೆ ಬಂದ ಮೇಲೆಯೇ ಷೇರು ವರ್ಗಾವಣೆಗೆ ಸಹಿ ಹಾಕಿ.